ಕಲ್ಲಿಕೋಟೆಯಲ್ಲಿ ಇಳಿದ ದಿನ

ಮದರಾಸಿನಿಂದ ಮಂಗಳೂರು ಮೈಲು ಗಾಡಿ ಹಿಡಿದು ಊರಿಗೆ ಹೋಗುವ ನಮ್ಮಂಥವರಿಗೆ ಕಲ್ಲಿಕೋಟೆಯೆಂದರೆ ಮುಖ ತೊಳೆಯುವ ಸ್ಟೇಷನ್ನು. ಸೇಲಂ, ಈರೋಡುಗಳು ನಿದ್ದೆಯಲ್ಲೇ ಕಳೆದುಹೋಗುತ್ತವೆ. ಪಾಲಘಾಟಿನ ಕಣಿವೆ ದಾಟಿದ್ದು ತಿಳಿಯುವುದೇ ಇಲ್ಲ. ಬೆಳಗಾಗಿ ಕಣ್ಣು ಬಿಟ್ಟರೆ ತೆಂಗಿನ ತೋಟ, ಹಂಚಿನ ಮನೆ, ಹೊಳೆ. ಕಲ್ಲಿಕೋಟೆಯಲ್ಲಿ ಗಾಡಿ ನಿಂತಾಗ ಕೆಳಗಿಳಿದು, ಚಹಾ ಕುಡಿದು, ಅಕ್ಕನ ಮನೆಗೆಂದು ಒಂದು ಪೊಟ್ಟಣ ಹಲ್ವ ಕೊಂಡು, ಸೀಟಿ ಕೇಳಿದೊಡನೆ ಓಡಿ ಬಂದು ಹತ್ತಿಕೊಳ್ಳುವುದು. ಇಪ್ಪತ್ತೆಂಟು ವರ್ಷ ಹೀಗೆಯೇ ನಡೆಯಿತು. ಸ್ಟೇಷನ್ನಿನ ಹೊರಗೆ ಒಂದು ಊರಿದೆ ಎಂದು ನಾವು ನಂಬಿದ್ದೆವು, ಅಷ್ಟೆ, ನೋಡಿರಲಿಲ್ಲ.

2024ನೆಯ ಇಸವಿ ನವೆಂಬರ್ 10, ಭಾನುವಾರ ಬೆಳಿಗ್ಗೆ ನಾವಿಬ್ಬರೂ ಪೆಟ್ಟಿಗೆ ಸಮೇತ ಅಲ್ಲಿ ಇಳಿದುಬಿಟ್ಟೆವು. ಎದುರು ಬೆಂಚಿನಲ್ಲಿದ್ದ ಉಡುಪಿಯ ಹಿರಿಯರೊಬ್ಬರು, "ಇದು ಮಂಗಳೂರಲ್ಲ ಮಾರಾಯರೆ, ಕಲ್ಲಿಕೋಟೆ!" ಎಂದು ಕಿಟಕಿಯಿಂದ ಕೂಗಿ ಹೇಳಿದರು. ನಮ್ಮಾಕೆ ನಗುತ್ತ ಕೈಬೀಸಿದಳು.

ಇಳಿದ ಕಾರಣವನ್ನು ಹೇಳಬೇಕು. ನಮ್ಮ ಅಕ್ಕನ ಮನೆ ಇರುವುದು ಕಾಸರಗೋಡಿನ ಉತ್ತರಕ್ಕೆ, ಕುಂಬಳೆಯ ಕಡೆ. ಆಕೆಯ ಕಿರಿಯ ಮಗನಿಗೆ ಆಗ ಹತ್ತೊಂಬತ್ತು. ಬಿ.ಕಾಂ. ಎರಡನೆಯ ವರ್ಷ, ಎರಡು ಪೇಪರು ಉಳಿಸಿಕೊಂಡಿದ್ದ. ಉಳಿಸಿಕೊಂಡದ್ದಕ್ಕೆ ಕಾರಣ ಕಾಲ್ಚೆಂಡು. ಕಳೆದ ಬೇಸಿಗೆಯಲ್ಲಿ ಗೋಲು ಕಾಯಲು ಹಾರಿ ಬಿದ್ದು ಮಣಿಕಟ್ಟಿನ ಎಲುಬು ಮುರಿದಿತ್ತು. ಆ ಪಂದ್ಯ ನಡೆಸಿದವರು ಒಂದು ಪಟ್ಟಿ ಕಟ್ಟಿಸಿ, ಆಟೋ ಬಾಡಿಗೆ ಕೈಗಿಟ್ಟು ಮನೆಗೆ ಕಳಿಸಿದ್ದರು. ದೀಪಾವಳಿಯಂದು ಅಕ್ಕ ಫೋನು ಮಾಡಿ ಅತ್ತಳು. "ನಾನು ಹೇಳಿದರೆ ಕೇಳುವುದಿಲ್ಲ. ನಿನ್ನ ಮಾತಿಗೆ ಬೆಲೆ ಕೊಡುತ್ತಾನೆ. ನೀನೊಮ್ಮೆ ಬಂದು ಬುದ್ಧಿ ಹೇಳು ಮಾರಾಯ."

ಊರು ಬಿಟ್ಟು ಹೋದವರ ಮಾತಿಗೆ ಊರಿನಲ್ಲಿ ಇಂಥದೊಂದು ಬೆಲೆ ಇರುತ್ತದೆ. ವರ್ಷಕ್ಕೊಮ್ಮೆ ಬಂದು ಬುದ್ಧಿ ಹೇಳಿ ಹೋಗುವವರು ನಾವು. ಹುಡುಗನಿಗೆ ಫೋನು ಮಾಡಿ ಬರುವ ವಿಷಯ ತಿಳಿಸಿದೆವು. ಅವನು ಜಾಣ, ಜಗಳಕ್ಕೆ ಬರಲಿಲ್ಲ. "ಹೇಳಿ ಮಾವ, ಎಲ್ಲ ಕೇಳುತ್ತೇನೆ. ಆದರೆ ಮೊದಲು ಒಂದು ಆಟ ನೋಡಿ. ಭಾನುವಾರ ಕಲ್ಲಿಕೋಟೆಯಲ್ಲಿ ಫೈನಲ್ ಉಂಟು. ಅಲ್ಲೇ ಇಳಿಯಿರಿ, ನಾನು ಸ್ಟೇಷನ್ನಿಗೆ ಬರುತ್ತೇನೆ. ಅತ್ತೆಗೂ ಟಿಕೆಟು ತೆಗೆದಿದ್ದೇನೆ" ಎಂದ. ನಮ್ಮಾಕೆ ಅರ್ಧ ಸೋತದ್ದು ಆ ಕೊನೆಯ ಮಾತಿಗೆ.

ಹಾಗೆ, ಆ ದಿನ ಎಂದಿಗಿಂತ ಬೇಗ ಎದ್ದು ದಾರಿಯನ್ನು ನೋಡುತ್ತ ಬಂದೆವು. ಶೋರನೂರು ದಾಟಿದ ಮೇಲೆ ಗಾಡಿ ಭಾರತಪ್ಪುಳದ ಮಗ್ಗುಲಲ್ಲೇ ಓಡುತ್ತದೆ. ತಿರೂರು ಬಂದಿತು. ಕೇರಳದಲ್ಲಿ ಮೊತ್ತಮೊದಲು ರೈಲು ಓಡಿದ್ದು ಇದೇ ತಿರೂರಿಗೂ ಬೇಪೂರಿಗೂ ನಡುವೆ, 1861ರಲ್ಲಿ. ಮಳೆಗಾಲದ ಹಸಿರು ಇನ್ನೂ ಆರಿರಲಿಲ್ಲ. ಒಂದೊಂದು ಊರಿಗೂ ಗದ್ದೆಯ ಅಂಚಿನಲ್ಲಿ ಎರಡು ಗೂಟ ನೆಟ್ಟು ಮೇಲೊಂದು ಅಡಿಕೆ ಸಲಾಕೆ ಕಟ್ಟಿದ ಗೋಲು ಕಂಬ. ಇಷ್ಟು ವರ್ಷ ಇದೇ ಕಿಟಕಿಯಲ್ಲಿ ಕುಳಿತಿದ್ದೆವಲ್ಲ, ಅದನ್ನು ಏಕೆ ಕಾಣಲಿಲ್ಲವೋ! ಫರೋಕಿನ ಬಳಿ ಹಂಚಿನ ಕಾರ್ಖಾನೆಗಳ ಹೊಗೆಗೂಡು ಕಂಡಾಗ ಮಾತ್ರ ನಮ್ಮೂರ ನೆನಪಾಯಿತು. ಮಂಗಳೂರಿನಲ್ಲಿ ಹಂಚು ಸುಡಲು ಕಲಿಸಿದ ಬಾಸೆಲ್ ಮಿಶನ್ನಿನವರೇ ಈ ಕಡೆಗೂ ಆ ಕಸುಬನ್ನು ತಂದವರು.

ಹುಡುಗ ಹೇಳಿದಂತೆ ಸ್ಟೇಷನ್ನಿನಲ್ಲಿ ನಿಂತಿದ್ದ. ಹಿಂದಿನ ರಾತ್ರಿಯೇ ಬಂದು ಆಟದ ಗೆಳೆಯನ ಮನೆಯಲ್ಲಿ ಉಳಿದಿದ್ದನಂತೆ. ಪೆಟ್ಟಿಗೆಯನ್ನು ನಮ್ಮ ಕೈಯಿಂದ ಕಸಿದುಕೊಂಡ. ಎಡಗೈಯಿಂದ ಎತ್ತಿದ್ದನ್ನು ನಾವಿಬ್ಬರೂ ಗಮನಿಸಿದೆವು, ಏನೂ ಹೇಳಲಿಲ್ಲ.

ಆಟ ಇದ್ದದ್ದು ರಾತ್ರಿ. ಹಗಲೆಲ್ಲ ಊರು ನೋಡಿದೆವು. ಸಾಮೂದಿರಿ ಅರಸರ ಕಾಲದ ಮಾನಾಂಚಿರ ಕೆರೆ ಪೇಟೆಯ ನಡುವೆಯೇ ಇದೆ; ಸುತ್ತ ಮರ, ಹುಲ್ಲು. ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಮಿಠಾಯಿ ತೆರು. ನಾವು ಪ್ಲಾಟ್‌ಫಾರಮಿನಲ್ಲಿ ಕೊಳ್ಳುತ್ತಿದ್ದ ಹಲ್ವದ ತಾಯಿಮನೆ ಇದು. ಕೆಂಪು, ಹಸಿರು, ಕಪ್ಪು, ಬಿಳಿ ಹಲ್ವದ ಹಾಸುಗಲ್ಲುಗಳನ್ನು ಅಂಗಡಿಯೆದುರು ಪೇರಿಸಿಟ್ಟಿದ್ದರು. ಚಾಕುವಿನ ತುದಿಯಲ್ಲಿ ಒಂದು ಚೂರು ಕತ್ತರಿಸಿ ರುಚಿಗೆ ಕೊಡುತ್ತಾರೆ. ನಮ್ಮಾಕೆ ಐದು ಬಗೆಯ ರುಚಿ ನೋಡಿ ಎರಡು ಬಗೆ ಕೊಂಡಳು. ಅಂಗಡಿಯವನಿಗೆ ಅದರಿಂದ ಬೇಸರವಾದಂತೆ ಕಾಣಲಿಲ್ಲ. ನಾವು ಆಟಕ್ಕೆ ಬಂದವರೆಂದು ಹುಡುಗ ಹೇಳಿದ ಮೇಲಂತೂ ಒಂದು ತುಂಡು ಹೆಚ್ಚಿಗೆ ಬಿತ್ತು.

ಕಡಲ ದಂಡೆಯ ಕಡೆ ಹೋಗುವಾಗ ಗುಜರಾತಿ ಬೀದಿ ಸಿಕ್ಕಿತು. ವ್ಯಾಪಾರಕ್ಕೆಂದು ತಲೆಮಾರುಗಳ ಹಿಂದೆ ಬಂದು ನೆಲೆಸಿದ ಗುಜರಾತಿಗಳ ಹಳೆಯ ಮನೆಗಳು, ಮಳಿಗೆಗಳು. ಈ ಸಮಾಜದ ಸೇಟ್ ನಾಗ್ಜಿ ಅಮರ್ಸಿ ಮನೆತನದ ಹೆಸರಿನಲ್ಲೇ 1952ರಲ್ಲಿ ಕಲ್ಲಿಕೋಟೆಯ ದೊಡ್ಡ ಫುಟ್‌ಬಾಲ್ ಪಂದ್ಯಾವಳಿ ಆರಂಭವಾಯಿತು. ನಾಗ್ಜಿ ಕಪ್ಪು ಎಂದರೆ ಇಲ್ಲಿ ಹಬ್ಬ. ದೇಶದ ಹೆಸರಾಂತ ತಂಡಗಳು ಬಂದು ಆಡಿದವು. ತೊಂಬತ್ತರ ದಶಕದಲ್ಲಿ ಅದು ನಿಂತುಹೋಯಿತು. 2016ರಲ್ಲೊಮ್ಮೆ ವಿದೇಶದ ತಂಡಗಳನ್ನು ಕರೆಸಿ ನಡೆಸಿದರು. ಪರಸ್ಥಳಕ್ಕೆ ಬಂದು ನೆಲೆಯೂರಿದವರು ಆ ಊರಿಗೆ ಕೊಟ್ಟದ್ದು ಒಂದು ಆಟದ ಕಪ್ಪು! ನಮ್ಮ ಸಂಘದ ರಾಜ್ಯೋತ್ಸವದ ನಾಟಕ, ಊಟಗಳನ್ನು ನೆನೆದು ನಮಗೆ ಕೊಂಚ ನಾಚಿಕೆಯೂ ಆಯಿತು. ಮೂವತ್ತು ವರ್ಷದ ಹತ್ತಿರ ಮದರಾಸಿನ ನೀರು ಕುಡಿದೆವು. ಮದರಾಸಿಗೆ ನಾವೇನು ಕೊಟ್ಟೆವು? ಇರಲಿ.

ಮಧ್ಯಾಹ್ನದ ಊಟದ ಮೇಲೆ ಹುಡುಗ ತನ್ನ ಆಟದ ವಿಚಾರ ತೆಗೆದ. ಅವನು ಆಡುತ್ತಿದ್ದದ್ದು ಸೆವೆನ್ಸ್. ಹನ್ನೊಂದರ ಬದಲು ಏಳೇಳು ಜನ. ಮಲಬಾರಿನಲ್ಲಿ ಮಳೆ ನಿಂತು ಗದ್ದೆ ಒಣಗಿದೊಡನೆ ಈ ಆಟದ ಹಂಗಾಮು ಶುರುವಾಗುತ್ತದೆ. ಮುಂದಿನ ಮಳೆಯವರೆಗೆ ಊರೂರಿನಲ್ಲಿ ರಾತ್ರಿ ದೀಪ ಹಾಕಿ ಆಡುತ್ತಾರೆ. ಬಿದಿರು, ಅಡಿಕೆ ಮರಗಳನ್ನು ಕಟ್ಟಿ ಗ್ಯಾಲರಿ, ಸಾವಿರಾರು ಜನ, ಟಿಕೆಟು. ಆಫ್ರಿಕದಿಂದಲೂ ಆಟಗಾರರು ಬಂದು ಹಂಗಾಮು ಮುಗಿಯುವವರೆಗೆ ಇಲ್ಲೇ ಇರುತ್ತಾರೆ. ಮಲಪ್ಪುರಂ ಜಿಲ್ಲೆಯಲ್ಲಂತೂ ಇದು ಮನೆಮನೆಯ ಹುಚ್ಚು. ಅಲ್ಲಿ ಬ್ರಿಟಿಷರ ಕಾಲದ ಸಿಪಾಯಿಗಳ ಠಾಣೆಯಿಂದ ಆಟ ಜನರ ನಡುವೆ ಇಳಿಯಿತು ಎನ್ನುತ್ತಾರೆ.

"ಒಂದು ಆಟಕ್ಕೆ ನಿನಗೆಷ್ಟು ಸಿಗುತ್ತದೆ?" ಎಂದು ಕೇಳಿದೆವು.

"ಹೆಚ್ಚೆಂದರೆ ಎರಡು ಸಾವಿರ ಮಾವ. ಗೆದ್ದರೆ ಸ್ವಲ್ಪ ಮೇಲೆ. ಆದರೆ ಲೆಕ್ಕಕ್ಕೆ ಇಲ್ಲ."

ಲೆಕ್ಕಕ್ಕೆ ಇಲ್ಲ ಎಂದರೆ ಏನೆಂದು ಅವನು ಬಿಡಿಸಿ ಹೇಳಿದ. ಸೆವೆನ್ಸ್ ಆಟವನ್ನು ಅಖಿಲ ಭಾರತ ಫೆಡರೇಶನ್ ಮಾನ್ಯ ಮಾಡಿಲ್ಲ. ಅಲ್ಲಿ ಎಷ್ಟು ಗೋಲು ತಡೆದರೂ ಯಾವ ದಾಖಲೆಯಲ್ಲೂ ಬರುವುದಿಲ್ಲ. ಆರಿಸುವವರು ಅಲ್ಲಿಗೆ ಬರುವುದಿಲ್ಲ. ಕೈ ಮುರಿದರೆ ಕೇಳುವವರಿಲ್ಲ. ಹಣವಿದೆ, ಚಪ್ಪಾಳೆಯಿದೆ, ಮುಂದಿನ ಮೆಟ್ಟಿಲಿಲ್ಲ.

ಮೊದಲು ಮೆಟ್ಟಿಲು ಎಲ್ಲಿತ್ತು? ಸರ್ಕಾರಿ ಕೆಲಸದಲ್ಲಿತ್ತು. ಪೊಲೀಸು, ವಿದ್ಯುತ್ ಮಂಡಲಿ, ಬ್ಯಾಂಕು, ರೈಲ್ವೆ, ಟೈಟಾನಿಯಂ ಕಾರ್ಖಾನೆ, ಇವೆಲ್ಲ ಒಳ್ಳೆಯ ಆಟಗಾರರಿಗೆ ಉದ್ಯೋಗ ಕೊಟ್ಟು ತಂಡ ಕಟ್ಟುತ್ತಿದ್ದವು. ನಮ್ಮ ಬೆಂಗಳೂರಿನಲ್ಲೂ ಎಚ್.ಎ.ಎಲ್., ಐ.ಟಿ.ಐ. ಕಾರ್ಖಾನೆಗಳು ಇದನ್ನೇ ಮಾಡಿದವು. ತ್ರಿಶೂರಿನ ಐ.ಎಂ. ವಿಜಯನ್ ಬಾಲ್ಯದಲ್ಲಿ ಅಲ್ಲಿಯ ಮೈದಾನದಲ್ಲಿ ಸೋಡಾ ಮಾರುತ್ತಿದ್ದವರು. ಕೇರಳ ಪೊಲೀಸ್ ತಂಡ ಅವರನ್ನು ಸೇರಿಸಿಕೊಂಡಿತು. ಆ ಪೊಲೀಸ್ ತಂಡ 1990 ಮತ್ತು 1991ರಲ್ಲಿ ಫೆಡರೇಶನ್ ಕಪ್ಪನ್ನೇ ಗೆದ್ದಿತು. ಗೆದ್ದ ಮೇಲೆ ಏನಾಯಿತು? ವಿಜಯನ್ ಕಲ್ಕತ್ತೆಗೆ ಹೋದರು. ಕಲ್ಕತ್ತೆ, ಗೋವೆಗಳಿಗೆ ಹೋಗದೆ ಆಟವನ್ನೇ ನಂಬಿ ಬದುಕುವುದು ಕಷ್ಟವಾಗಿತ್ತು. 1997ರಲ್ಲಿ ಎಫ್.ಸಿ. ಕೊಚ್ಚಿನ್ ಎಂಬ ತಂಡ ಕೊಚ್ಚಿಯಲ್ಲಿ ಹುಟ್ಟಿ ಅದೇ ವರ್ಷ ಡ್ಯೂರಾಂಡ್ ಕಪ್ಪನ್ನು ಗೆದ್ದಾಗ ಹೋದವರು ಕೆಲವರು ಹಿಂದಿರುಗಿದರು, ವಿಜಯನ್ನರೂ ಸಹ. ಕೆಲವೇ ವರ್ಷಗಳಲ್ಲಿ ಹಣದ ಮುಗ್ಗಟ್ಟಿನಿಂದ ಆ ತಂಡವೇ ಮುಚ್ಚಿತು. ಆಮೇಲೆ 2014ರಲ್ಲಿ ಕೇರಳ ಬ್ಲಾಸ್ಟರ್ಸ್, 2017ರಲ್ಲಿ ಗೋಕುಲಂ ಬಂದವು. ಅವು ದೇಶಮಟ್ಟದ ತಂಡಗಳು. ಅಲ್ಲಿ ಒಂದು ಸ್ಥಾನಕ್ಕೆ ಗೋವೆಯವನೂ ಮಣಿಪುರದವನೂ ಪೈಪೋಟಿಗಿರುತ್ತಾರೆ. ಗದ್ದೆಯ ಸೆವೆನ್ಸಿಗೂ ಆ ಎತ್ತರಕ್ಕೂ ನಡುವೆ ದೊಡ್ಡ ಕಂದರ.

ಆ ಕಂದರದ ಮೇಲೆ ಹಾಕಿದ ಸೇತುವೆಯೇ ಸೂಪರ್ ಲೀಗ್ ಕೇರಳ ಎಂದು ಹುಡುಗನ ವಾದ. 2024ರ ಸೆಪ್ಟೆಂಬರ್ 7ರಂದು ಕೊಚ್ಚಿಯಲ್ಲಿ ಅದರ ಮೊದಲ ಆಟವಾಯಿತು. ಫ್ರಾಂಚೈಸಿ ಎಂಬ ಮಾತು ಕ್ರಿಕೆಟ್ಟಿನಿಂದಾಗಿ ನಮ್ಮ ಮನೆಯ ಮಕ್ಕಳಿಗೆಲ್ಲ ಗೊತ್ತು. ಲೀಗು ನಡೆಸುವವರು ಊರಿನ ಹೆಸರಿನಲ್ಲಿ ತಂಡದ ಹಕ್ಕನ್ನು ಹಣವಂತರಿಗೆ ಕೊಡುತ್ತಾರೆ. ಅವರು ಆಟಗಾರರನ್ನು ಕರಾರಿನ ಮೇಲೆ ತೆಗೆದುಕೊಂಡು ಸಂಬಳ ಕೊಟ್ಟು ಆಡಿಸುತ್ತಾರೆ. ಕೇರಳದ ಫುಟ್‌ಬಾಲ್ ಸಂಸ್ಥೆಯೂ ಇದರಲ್ಲಿ ಕೈಜೋಡಿಸಿದೆ. ತಿರುವನಂತಪುರ, ಕೊಚ್ಚಿ, ತ್ರಿಶೂರು, ಮಲಪ್ಪುರಂ, ಕಲ್ಲಿಕೋಟೆ, ಕಣ್ಣೂರು, ಹೀಗೆ ಆರು ತಂಡ. ಹಣ ಹಾಕಿದವರಲ್ಲಿ ಸಿನಿಮಾ ನಟರೂ ಇದ್ದಾರೆ. ಕೊಚ್ಚಿಯದರಲ್ಲಿ ಪೃಥ್ವಿರಾಜ್ ಪಾಲುದಾರರು. ಪ್ರತಿ ತಂಡದಲ್ಲೂ ವಿದೇಶದವರು ಕೆಲವರು, ಹೊರರಾಜ್ಯದವರು ಕೆಲವರು, ಉಳಿದವರು ಕೇರಳದ ಹುಡುಗರು. ಮೊದಲ ವರ್ಷ ಮುಖ್ಯ ತರಬೇತುದಾರರಾಗಿ ಬಂದವರೆಲ್ಲ ವಿದೇಶದವರೇ. ಮಲಪ್ಪುರಂ ತಂಡಕ್ಕೆ ಬಂದ ಜಾನ್ ಗ್ರೆಗರಿಯವರನ್ನು ಮದರಾಸಿನವರಾದ ನಾವು ಬಲ್ಲೆವು. 2018ರಲ್ಲಿ ನಮ್ಮ ಚೆನ್ನೈಯಿನ್ ತಂಡಕ್ಕೆ ಪಟ್ಟ ಗೆದ್ದುಕೊಟ್ಟ ಇಂಗ್ಲೆಂಡಿನವರು ಅವರೇ.

"ಆರು ತಂಡದಲ್ಲಿ ಕಾಸರಗೋಡು ಎಲ್ಲಿದೆ?" ಎಂದು ನಮ್ಮಾಕೆ ಕೇಳಿದಳು.

ಹುಡುಗ ನಕ್ಕುಬಿಟ್ಟ. "ಕಾಸರಗೋಡು ಎಲ್ಲಿ ಉಂಟು ಅತ್ತೆ, ಯಾವುದರಲ್ಲಾದರೂ? ನಮಗೆ ಕಣ್ಣೂರೇ ಹತ್ತಿರ."

ಈ ಮಾತು ತಮಾಷೆಗೆ ಬಂದದ್ದಾದರೂ ನಮಗೆ ನಾಟಿತು. 1956ರ ನವೆಂಬರಿನಲ್ಲಿ ಗೆರೆ ಎಳೆದಾಗ ಆಚೆ ಉಳಿದ ಕನ್ನಡದವರ ಮೂರನೆಯ ತಲೆಮಾರು ಇವನು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತುಳು, ಮೈದಾನದಲ್ಲಿ ಮಲೆಯಾಳ. ಚೆಂಡು ಬಂದಾಗ ಯಾವ ಭಾಷೆಯಲ್ಲಿ ಕೂಗುತ್ತೀಯೆಂದು ಕೇಳಿದರೆ, "ಬಾಯಿಗೆ ಬಂದದ್ದು" ಎಂದ.

ಅವನೂ ಒಂದು ತಂಡದ ಆಯ್ಕೆಗೆ ಹೋಗಿಬಂದಿದ್ದನೆಂದು ಆಗ ತಿಳಿಯಿತು. ಮನೆಯಲ್ಲಿ ಹೇಳಿರಲಿಲ್ಲ. ನೂರಾರು ಹುಡುಗರಂತೆ. ಮೊದಲ ದಿನ ದಾಟಿದ್ದ. ಎರಡನೆಯ ದಿನ ಬಿಟ್ಟರು. ಏಕೆ ಬಿಟ್ಟರೆಂದು ಹೇಳಿದರಂತೆ. ಏಳು ಜನರ ಆಟದ ಗೋಲು ಚಿಕ್ಕದು, ಅಲ್ಲಿ ನಿಂತಲ್ಲೇ ತಡೆಯುವ ರೂಢಿ. ದೊಡ್ಡ ಗೋಲಿನಲ್ಲಿ ಮುಂದೆ ಬಂದು ಕೋನ ಮುಚ್ಚಬೇಕು; ಚೆಂಡನ್ನು ಕಾಲಿನಿಂದ ಜೊತೆಯವನಿಗೆ ದಾಟಿಸಬೇಕು. "ಇಷ್ಟು ವರ್ಷ ಆಡಿದ್ದೇನೆ, ಯಾರೂ ಇದನ್ನು ನನಗೆ ಹೇಳಿಕೊಟ್ಟಿರಲಿಲ್ಲ ಮಾವ" ಎಂದ. ಬಿಟ್ಟ ದುಃಖಕ್ಕಿಂತ ಅದನ್ನು ತಿಳಿದ ಸಂತೋಷವೇ ಅವನಿಗೆ ಹೆಚ್ಚಾದಂತಿತ್ತು.

ಸಂಜೆ ಐದಕ್ಕೇ ರಸ್ತೆ ತುಂಬತೊಡಗಿತು. ಇ.ಎಂ.ಎಸ್. ಕಾರ್ಪೊರೇಶನ್ ಸ್ಟೇಡಿಯಂ ಪೇಟೆಯ ಮಧ್ಯದಲ್ಲೇ ಇದೆ. ಗ್ಯಾಲರಿಯ ಅಡಿಯಲ್ಲಿ ಸುತ್ತಲೂ ಅಂಗಡಿಗಳು. ಗೋಡೆಯ ಹೊರಗೆ ಬೈಸಿಕಲ್ ಕೊಳ್ಳಬಹುದು, ಒಳಗೆ ಫೈನಲ್ ನೋಡಬಹುದು. ಲಾರಿಗಳಲ್ಲಿ, ಬಸ್ಸುಗಳಲ್ಲಿ, ಮೋಟಾರು ಸೈಕಲ್ಲುಗಳಲ್ಲಿ ಜನ. ಹೊಗೆಯ ಬತ್ತಿ, ಚೆಂಡೆ, ಕೊಂಬು. ಚೆಂಡೆಯ ಸದ್ದು ಕೇಳಿದರೆ ನಮಗೆ ಯಕ್ಷಗಾನದ ರಂಗಸ್ಥಳವೇ ಕಣ್ಣಿಗೆ ಕಟ್ಟುತ್ತದೆ. ಇಲ್ಲಿ ಅದಕ್ಕೆ ಕುಣಿಯುತ್ತಿದ್ದವರು ಕಾಲೇಜು ಹುಡುಗರು. ಬಾಳೆಹಣ್ಣಿನ ಪೋಡಿ, ಸುಲೈಮಾನಿ ಚಹಾ ಮುಗಿಸಿ ಒಳಗೆ ಕುಳಿತೆವು. ಮನೆಮಂದಿಯೊಡನೆ ಬಂದ ಹೆಂಗಸರೂ ಇದ್ದರು. ನಮ್ಮಾಕೆ ಎರಡೇ ನಿಮಿಷದಲ್ಲಿ ಹಿಂದಿನ ಸಾಲಿನ ತಾಯಿಯೊಬ್ಬರ ಸ್ನೇಹ ಮಾಡಿಕೊಂಡಳು. ಆಕೆಗೆ ಕನ್ನಡ ಬಾರದು, ಇವಳಿಗೆ ಮಲೆಯಾಳ ಅರ್ಧ, ಅಡ್ಡಿಯಾಗಲಿಲ್ಲ. ಆ ದಿನ ಮೂವತ್ತು ಸಾವಿರಕ್ಕೂ ಮಿಕ್ಕಿ ಜನ ಸೇರಿದ್ದರು.

ಆಡಿದವರು ಕಲ್ಲಿಕೋಟೆ ಮತ್ತು ಕೊಚ್ಚಿ. ಕಲ್ಲಿಕೋಟೆಯ ನಾಯಕ ಜಿಜೋ ಜೋಸೆಫ್, 2022ರಲ್ಲಿ ಮಂಜೇರಿಯಲ್ಲಿ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಎತ್ತಿದ ಕೇರಳ ತಂಡದ ನಾಯಕರು. ಮೊದಲ ಗೋಲು ಬೇಗನೆ ಬಂತು. ಹೊಡೆದವರು ಮಣಿಪುರದ ತೋಯಿ ಸಿಂಗ್. ಇವರೂ ಒಂದು ಕಾಲಕ್ಕೆ ನಮ್ಮ ಮದರಾಸಿನ ತಂಡದಲ್ಲಿದ್ದವರಲ್ಲವೆ! ನಮಗರಿಯದೆ ಎದ್ದು ನಿಂತು ಕೂಗಿದೆವು. ಹುಡುಗ ನಮ್ಮನ್ನೇ ನೋಡುತ್ತಿದ್ದ. ಕೂಡಲೇ ಕುಳಿತುಕೊಂಡೆವು, ಬುದ್ಧಿ ಹೇಳಲು ಬಂದವರು ಹೀಗೆ ಕೂಗಬಾರದು.

ಅವನಾದರೋ ಚೆಂಡನ್ನು ನೋಡುತ್ತಲೇ ಇರಲಿಲ್ಲ. ಚೆಂಡು ಆ ತುದಿಯಲ್ಲಿದ್ದರೆ ಅವನ ಕಣ್ಣು ಈ ತುದಿಯ ಗೋಲ್‌ಕೀಪರನ ಮೇಲೆ. "ನೋಡಿ ಮಾವ, ಚೆಂಡು ಅಷ್ಟು ದೂರ ಇದ್ದರೂ ಹೇಗೆ ಮುಂದೆ ಬಂದು ನಿಂತಿದ್ದಾನೆ. ಹಿಂದಿನ ನಾಲ್ವರಿಗೂ ಕೈ ತೋರಿಸುತ್ತಲೇ ಇದ್ದಾನೆ." ತನ್ನ ಮುರಿದು ಕೂಡಿದ ಕೈಯನ್ನು ತೊಡೆಯ ಮೇಲಿಟ್ಟು ಬೆರಳು ಅರಳಿಸುತ್ತ ಮುಚ್ಚುತ್ತ ಕುಳಿತಿದ್ದ. ಮೈದಾನದಲ್ಲಿ ಚೆಂಡು ಹಾರಿದಾಗಲೆಲ್ಲ ಅವನ ಭುಜ ಅದುರುತ್ತಿತ್ತು.

ವಿರಾಮದಲ್ಲಿ ಪಕ್ಕದ ಮುದುಕರೊಬ್ಬರು ನಾವು ಎಲ್ಲಿಯವರೆಂದು ವಿಚಾರಿಸಿದರು. ಕನ್ನಡದವರೆಂದಾಗ, "ಓ, ಮೈಸೂರು!" ಎಂದರು. ಹಳೆಯ ಕಾಲದವರಿಗೆ ಫುಟ್‌ಬಾಲಿನಲ್ಲಿ ನಾವು ಇಂದಿಗೂ ಮೈಸೂರಿನವರೇ. ಮೈಸೂರು ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ಗೆದ್ದದ್ದೂ, 1967-68, 1968-69ರಲ್ಲಿ ಬೆನ್ನುಬೆನ್ನಿಗೆ ಗೆದ್ದದ್ದೂ ಅವರಿಗೆ ನೆನಪಿತ್ತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಮೇಲೆ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರೆಂದು ನಮಗೆ ಅವರೇ ಹೇಳಿಕೊಟ್ಟರು. ನಾವು ಸೋಲಬಾರದೆಂದು, 2023ರಲ್ಲಿ ಸೌದಿಯ ರಿಯಾಧಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಐವತ್ತನಾಲ್ಕು ವರ್ಷಗಳ ಮೇಲೆ ಆ ಕಪ್ಪು ತಂದದ್ದನ್ನು ಹೇಳಿದೆವು. ಮುದುಕರು ತಲೆಯಾಡಿಸಿ, ತಮ್ಮ 1973ರ ಕತೆಗೆ ಹೋದರು. ಕೇರಳಕ್ಕೆ ಮೊದಲ ಸಂತೋಷ್ ಟ್ರೋಫಿ ಬಂದ ವರ್ಷ ಅದು. ಎರ್ನಾಕುಳದಲ್ಲಿ ರೈಲ್ವೆಯ ಮೇಲೆ ನಾಯಕ ಮಣಿ ಒಬ್ಬರೇ ಮೂರು ಗೋಲು ಹೊಡೆದರು. ಆ ಮೂರನ್ನೂ ಅವರು ಕೈಸನ್ನೆಯಲ್ಲಿ ಹೊಡೆದು ತೋರಿಸುವಷ್ಟರಲ್ಲಿ ಎರಡನೆಯ ಅರ್ಧ ಶುರುವಾಗಿತ್ತು.

ಎರಡನೆಯ ಗೋಲು ಬೆಲ್‌ಫೋರ್ಟ್ ಅವರದು. ಹೈಟಿ ದೇಶದವರು, 2016ರಲ್ಲಿ ಬ್ಲಾಸ್ಟರ್ಸ್ ಜೊತೆ ಆಡಿದ್ದರಿಂದ ಮಲೆಯಾಳಿಗಳಿಗೆ ಮನೆಯ ಮಗನಂತೆ. ಕೊನೆಯ ಗಳಿಗೆಯಲ್ಲಿ ಕೊಚ್ಚಿ ಒಂದು ಗೋಲು ತೀರಿಸಿತು. 2-1. ಸೀಟಿ ಊದಿದಾಗ ಎದ್ದ ಸದ್ದನ್ನು ಬರೆದು ತಿಳಿಸಲಾರೆವು. ಮುದುಕರು ನಮ್ಮ ಕೈಹಿಡಿದು ಕುಲುಕಿದರು, ನಾವೇ ಗೆದ್ದವರಂತೆ.

ಜನ ಕರಗಲು ಬಹಳ ಹೊತ್ತಾಯಿತು. ಆ ರಾತ್ರಿ ಕಡಲ ದಂಡೆಯಲ್ಲಿ ಮೂವರೂ ಕುಳಿತೆವು. ಮಾತು ಆಡುವ ಸಮಯ ಬಂದಿತ್ತು. ಆಟದ ಮತ್ತಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದೆವೆಂದು ವಾಚಕರು ತಿಳಿಯಬಾರದು. ಲೆಕ್ಕ ಬರೆಯುವ ಕೆಲಸದಲ್ಲಿ ಕೂದಲು ಬೆಳ್ಳಗಾದವರು ನಾವು. ಗೋಲು ಹೊಡೆದವರು ಯಾರು? ಒಬ್ಬರು ಮಣಿಪುರದವರು, ಇನ್ನೊಬ್ಬರು ಹೈಟಿಯವರು. ಊರ ಹುಡುಗರನ್ನು ಬೆಳೆಸುವ ಲೀಗೆಂದರೆ ಕೊನೆಯ ದಿನ ಊರ ಹುಡುಗನ ಹೆಸರು ಹಲಗೆಯ ಮೇಲೆ ಬರಲಿಲ್ಲವಲ್ಲ. ಸೆಪ್ಟೆಂಬರಿನಲ್ಲಿ ಶುರುವಾದದ್ದು ನವೆಂಬರಿನಲ್ಲಿ ಮುಗಿಯಿತು. ಎರಡು ತಿಂಗಳ ಸಂಬಳದಲ್ಲಿ ಹನ್ನೆರಡು ತಿಂಗಳು ಊಟ ಮಾಡುವುದು ಹೇಗೆ? ಹಾಕಿದ ಹಣ ಹಿಂದಿರುಗದಿದ್ದರೆ ಮಾಲಿಕರು ಎಷ್ಟು ವರ್ಷ ನಿಲ್ಲುತ್ತಾರೆ? ಕೊಚ್ಚಿನ್ ತಂಡದ ಕತೆಯನ್ನು ಮಧ್ಯಾಹ್ನ ಅವನೇ ನಮಗೆ ಹೇಳಿದ್ದ. ಮೊದಲ ವರ್ಷ ಕಣ್ಣೂರಿಗೂ ತ್ರಿಶೂರಿಗೂ ಸ್ವಂತ ಮೈದಾನವಿರಲಿಲ್ಲ. ಕಣ್ಣೂರು ಕಲ್ಲಿಕೋಟೆಯಲ್ಲಿ, ತ್ರಿಶೂರು ಮಂಜೇರಿಯಲ್ಲಿ ಆಡಿದವು.

ಇವನ್ನೆಲ್ಲ ಒಂದೊಂದಾಗಿ ಹೇಳಿದೆವು. ಹುಡುಗ ಮರಳನ್ನು ಕೆದಕುತ್ತ ಕೇಳಿದ. ಕೊನೆಗೆ ನಿಧಾನವಾಗಿ, "ಮಾವ, ಕಲ್ಲಿಕೋಟೆ ತಂಡದ ಗನಿ ನಿಗಮ್ ಇದೇ ಜಿಲ್ಲೆಯವರು. ಬೆಲ್‌ಫೋರ್ಟ್ ಪಕ್ಕದಲ್ಲಿ ದಿನಾ ಅಭ್ಯಾಸ ಮಾಡಿದ್ದಾರೆ. ಇದಕ್ಕಾಗಿ ಅವರು ಊರು ಬಿಡಬೇಕಾಗಲಿಲ್ಲ. ನೀವು ಇಪ್ಪತ್ತೊಂದಕ್ಕೆ ಊರು ಬಿಟ್ಟಿರಿ. ನಿಮಗೂ ಮನಸ್ಸಿರಲಿಲ್ಲ ಅಂತ ಅಮ್ಮ ಹೇಳುತ್ತಾರೆ" ಎಂದ.

ನಮಗೆ ಉತ್ತರ ತೋಚಲಿಲ್ಲ. ನಾವು ಮದರಾಸಿಗೆ ಹೊರಟ ದಿನ ಕುಂಬಳೆ ಸ್ಟೇಷನ್ನಿನಲ್ಲಿ ಅಕ್ಕ ನಿಂತಿದ್ದ ರೀತಿ ಕಣ್ಣಮುಂದೆ ಬಂತು. ಅಂದು ಯಾರೂ ನಮಗೆ ಬುದ್ಧಿ ಹೇಳಿರಲಿಲ್ಲ. ಊರಿನಲ್ಲಿ ಕೆಲಸವಿರಲಿಲ್ಲ, ಹೊರಟೆವು.

ಮಾತನ್ನು ಎತ್ತಿಕೊಂಡವಳು ನಮ್ಮಾಕೆ. "ನೀನು ಆಡು, ಬಿಡು, ಅದು ನಿನಗೆ ಸೇರಿದ್ದು. ಆ ಎರಡು ಪೇಪರಿಗೆ ಫೀಸು ಕಟ್ಟುವ ಕಡೆಯ ದಿನ ಯಾವಾಗ?" ಎಂದು ಕೇಳಿದಳು. ಅವನಿಗೆ ಗೊತ್ತಿರಲಿಲ್ಲ. "ಕೈ ಇನ್ನೊಮ್ಮೆ ಮುರಿದರೆ ಏನು ಮಾಡುತ್ತೀಯೋ ಅದನ್ನೂ ಗೊತ್ತುಮಾಡಿಕೊ. ಲೆಕ್ಕಕ್ಕೆ ಇಲ್ಲದ ಆಟಕ್ಕೆ ಇನ್ನು ಹೋಗಬೇಡ. ಲೆಕ್ಕಕ್ಕೆ ಇರುವುದಕ್ಕೆ ಹೋಗು, ಫೀಸು ಕಟ್ಟಿ ಹೋಗು." ಇಷ್ಟನ್ನು ಹೇಳಲು ನಾವು ಮದರಾಸಿನಿಂದ ತಯಾರಿ ಮಾಡಿಕೊಂಡು ತಂದ ಭಾಷಣದ ಒಂದು ಸಾಲೂ ಅವಳಿಗೆ ಬೇಕಾಗಲಿಲ್ಲ.

ಮರುದಿನ ಬೆಳಿಗ್ಗೆ ಮೂವರೂ ಗಾಡಿ ಹತ್ತಿದೆವು. ಮಾಹೆ, ತಲಚೇರಿ, ಕಣ್ಣೂರು, ಪಯ್ಯನೂರು. ಪಯ್ಯನೂರು ದಾಟುವಾಗ ಹುಡುಗ ಕಿಟಕಿಯಿಂದ ಕೈ ತೋರಿಸಿ, ತ್ರಿಕರಿಪುರ ಇಲ್ಲೇ ಎಂದ. 2016ರ ಐ.ಎಸ್.ಎಲ್. ಫೈನಲಿನಲ್ಲಿ ತಲೆಯಿಂದ ಗೋಲು ಹೊಡೆದ ಮಹಮ್ಮದ್ ರಾಫಿಯ ಊರು; ನಮ್ಮ ಕಾಸರಗೋಡು ಜಿಲ್ಲೆಯದೇ. ಚಂದ್ರಗಿರಿ ಹೊಳೆ ಬಂದಾಗ ಎಂದಿನಂತೆ ನಮ್ಮ ಎದೆ ಹಗುರಾಯಿತು.

ಅಕ್ಕ ಬಾಗಿಲಲ್ಲೇ ಕೇಳಿದಳು: "ಹೇಳಿದೆಯಾ?"

"ಹೇಳಿದೆವು."

"ಬಿಡುತ್ತಾನಂತಾ?"

ನಾವು ಹಲ್ವದ ಪೊಟ್ಟಣವನ್ನು ಮುಂದೆ ಹಿಡಿದೆವು. ಅಕ್ಕನಿಗೆ ಅರ್ಥವಾಯಿತು. ಎರಡು ದಿನ ನಮ್ಮೊಡನೆ ಅವಳ ಮಾತು ಅಷ್ಟಕ್ಕಷ್ಟೆ.

ಆ ಡಿಸೆಂಬರ್ 31ರಂದು ಹೈದರಾಬಾದಿನಲ್ಲಿ ಸಂತೋಷ್ ಟ್ರೋಫಿ ಫೈನಲ್ ನಡೆಯಿತು; ಕೇರಳ ಬಂಗಾಳಕ್ಕೆ 1-0ರಿಂದ ಸೋತಿತು. ಅಲ್ಲಿಯ ಕನ್ನಡ ಬಂಧುಗಳು ಕೆಲವರು ನೋಡಿರಲೂಬಹುದು. ಗನಿ ನಿಗಮ್ ಸೇರಿ ಸೂಪರ್ ಲೀಗಿನಲ್ಲಿ ಆಡಿದ ಹುಡುಗರು ಆ ಕೇರಳ ತಂಡದಲ್ಲಿದ್ದರು. ನಮ್ಮ ಹುಡುಗ ಅವರ ಹೆಸರುಗಳನ್ನು ಒಂದೊಂದಾಗಿ ಬರೆದು ಫೋನಿಗೆ ಕಳಿಸಿದ. ಕೆಳಗೆ, ಫೀಸು ಕಟ್ಟಿದ ರಸೀದಿಯ ಚಿತ್ರವೂ ಇತ್ತು. ಅದು ಅತ್ತೆಗೆಂದು ಬರೆದಿದ್ದ.

ಎರಡು ಪೇಪರಿನಲ್ಲಿ ಒಂದು ಪಾಸಾಯಿತು. ಸೆವೆನ್ಸಿಗೆ ಆಮೇಲೆ ಹೋಗಲಿಲ್ಲವೆಂದು ಹೇಳುತ್ತಾನೆ; ಪೂರಾ ನಂಬಿಲ್ಲ ನಾವು. 2025ರ ಆಯ್ಕೆಯಲ್ಲೂ ಅವನ ಹೆಸರು ಬರಲಿಲ್ಲ. ಜಿಲ್ಲಾ ಮಟ್ಟದ ಲೀಗಿನಲ್ಲಿ, ಹನ್ನೊಂದು ಜನರ ತಂಡದಲ್ಲಿ, ದೊಡ್ಡ ಗೋಲನ್ನು ಕಾಯುತ್ತಿದ್ದಾನೆ. ಆ ವರ್ಷದ ಲೀಗಿನಲ್ಲಿ ಕಣ್ಣೂರು ತನ್ನದೇ ಜವಾಹರ್ ಮೈದಾನದಲ್ಲಿ ಆಡಿತು. ಮೊದಲ ಆಟಕ್ಕೆ ಮುಂಚೆ ಅವನಿಂದ ಫೋನು ಬಂತು: "ಮಾವ, ಈ ಸಲ ಕಲ್ಲಿಕೋಟೆಯಲ್ಲಿ ಬೇಡ, ಕಣ್ಣೂರಿನಲ್ಲಿ ಇಳಿಯಿರಿ."

ಹಿಂದಿನಿಂದ ಅಕ್ಕನ ದನಿ ಕೇಳಿಸಿತು. ಫೋನನ್ನು ಇಸಿದುಕೊಂಡು, ಅಲ್ಲಿ ಹೆಂಗಸರು ಕುಳಿತುಕೊಳ್ಳುವುದಕ್ಕೆ ಸರಿಯಾದ ಜಾಗ ಉಂಟೋ, ರಾತ್ರಿ ಹಿಂದಿರುಗಲು ಗಾ‌ಡಿ ಎಷ್ಟು ಗಂಟೆಗೆ ಎಂದು ನಮ್ಮಾಕೆಯನ್ನು ವಿಚಾರಿಸತೊಡಗಿದಳು.